ಲಿಂಕನ್‌ಗೆ ಎರಡು ಥರದ ಬೇಸರ ಇತ್ತು

1/8
ಈ ಫೋಟೋ 1865ರ ಫೆಬ್ರವರಿಯದ್ದು. ತೆಗೆದವನು ಅಲೆಕ್ಸಾಂಡರ್ ಗಾರ್ಡ್ನರ್. ತಲೆ ಮೇಲೆ ಕಾಣೋ ಗೆರೆ ಫಿಲ್ಟರ್ ಅಲ್ಲ, ಗಾಜಿನ ಪ್ಲೇಟೇ ಬಿರುಕು ಬಿಟ್ಟಿತ್ತು. ಅಬ್ರಹಾಂ ಲಿಂಕನ್‌ಗೆ 56 ತುಂಬೋಕೆ ಇನ್ನೂ ಒಂದು ವಾರ ಇತ್ತು. ಮುಖ ನೋಡಿದ್ರೆ 70 ದಾಟಿದೆ ಅನ್ಸುತ್ತೆ. ಅಂತರ್ಯುದ್ಧ ಆತನನ್ನು ಹಾಗೆ ಮಾಡಿತು ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಮಾತ್ರ ನಿಜ. ಯುದ್ಧ ಶುರುವಾಗೋಕೆ 20 ವರ್ಷ ಮೊದಲೇ, ಆತ ಇನ್ನೂ ಯಾರೂ ಅಲ್ಲದ ಒಬ್ಬ ಲಾಯರ್ ಆಗಿದ್ದಾಗಲೇ, ಸ್ನೇಹಿತರು ಆತನನ್ನು ಒಬ್ಬನೇ ಬಿಡೋಕೆ ಹೆದರಿದ್ದರು.

ಲಿಂಕನ್ ಬಗ್ಗೆ ನಮಗೆ ಶಾಲೆಯಲ್ಲಿ ಹೇಳಿದ್ದು ಗುಲಾಮಗಿರಿ, ಗೆಟಿಸ್‌ಬರ್ಗ್, ಗುಂಡೇಟು. ಈ ಸರಣಿ ಅದರ ಬಗ್ಗೆ ಅಲ್ಲ.

2/8
ಎರಡು ವರ್ಷ ನೆನಪಿಟ್ಟುಕೊಳ್ಳಿ: 1835 ಮತ್ತು 1841.

1835ರ ಆಗಸ್ಟ್‌ನಲ್ಲಿ ಇಲಿನಾಯ್ಸ್‌ನ ನ್ಯೂ ಸೇಲಂ ಅನ್ನೋ ಪುಟ್ಟ ಊರಲ್ಲಿ ಆನ್ ರಟ್ಲೆಜ್ ಅನ್ನೋ ಹುಡುಗಿ ಜ್ವರದಿಂದ ತೀರಿಕೊಂಡಳು. ಲಿಂಕನ್‌ಗೆ ಆಗ 26. ಆತ ಕುಸಿದು ಹೋದ, ಊರಿನವರು ಕಣ್ಣಿಟ್ಟು ಕಾಯಬೇಕಾಯಿತು. ಇಬ್ಬರ ಮಧ್ಯೆ ಪ್ರೀತಿ ಇತ್ತೋ ಇಲ್ಲವೋ ಅಂತ ಇತಿಹಾಸಕಾರರು ದಶಕಗಟ್ಟಲೆ ಜಗಳ ಆಡಿದ್ದಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ. ಆತ ಕುಸಿದಿದ್ದನ್ನು ಒಬ್ಬಿಬ್ಬರಲ್ಲ, ಎಷ್ಟೋ ನೆರೆಹೊರೆಯವರು ನೆನಪಿಸಿಕೊಂಡಿದ್ದಾರೆ.

1841ರ ಜನವರಿ. ಸ್ಪ್ರಿಂಗ್‌ಫೀಲ್ಡ್. ಮೇರಿ ಟಾಡ್ ಜೊತೆಗಿನ ನಿಶ್ಚಿತಾರ್ಥ ಮುರಿದಿತ್ತು. ಆಪ್ತ ಗೆಳೆಯ ಜೋಶುವಾ ಸ್ಪೀಡ್ ಊರು ಬಿಟ್ಟು ಹೋಗೋನಿದ್ದ. ಲಿಂಕನ್ ಶಾಸನಸಭೆಯ ಸದಸ್ಯನಾಗಿದ್ದರೂ ಕೆಲವು ದಿನ ಸಭೆಗೇ ಹೋಗಲಿಲ್ಲ. ಚೂಪಾದ ವಸ್ತುಗಳನ್ನೆಲ್ಲ ರೂಮಿಂದ ದೂರ ಇಡಬೇಕಾಯಿತು ಅಂತ ಸ್ಪೀಡ್ ಆಮೇಲೆ ಹೇಳಿದ್ದಾನೆ. ಜನವರಿ 23ಕ್ಕೆ ಲಿಂಕನ್ ತನ್ನ ಪಾರ್ಟ್ನರ್ ಜಾನ್ ಸ್ಟುವರ್ಟ್‌ಗೆ ಪತ್ರ ಬರೆದ. ಬದುಕಿರೋರಲ್ಲೇ ಅತಿ ದುಃಖಿ ತಾನು, ತನ್ನೊಳಗಿನದ್ದನ್ನು ಇಡೀ ಮನುಷ್ಯಕುಲಕ್ಕೆ ಹಂಚಿದ್ರೆ ಭೂಮಿ ಮೇಲೆ ಒಂದೂ ನಗುಮುಖ ಉಳಿಯಲ್ಲ ಅನ್ನೋದು ಅದರ ಸಾರ.

ಆ ಬೇಸಿಗೆಯಲ್ಲಿ ಕೆಂಟಕಿಗೆ ಹೋಗಿ ಸ್ಪೀಡ್ ಮನೆಯಲ್ಲಿ ಕೆಲವು ವಾರ ಇದ್ದ. ನಿಧಾನಕ್ಕೆ ಎದ್ದ. 1842ರಲ್ಲಿ ಅದೇ ಮೇರಿಯನ್ನೇ ಮದುವೆಯಾದ. ಕಥೆ ಇಲ್ಲಿಗೆ ಸುಖಾಂತ ಅಂತ ಅನ್ಸುತ್ತೆ ಅಲ್ವಾ?

3/8
ಇಲ್ಲ. ನಿಜವಾದ ವಿಷಯ ಇರೋದೇ ಈ ಎರಡು ವರ್ಷಗಳ ಮಧ್ಯದಲ್ಲಿ, ಮತ್ತು ಆಮೇಲೆ.

ಆತನ ಇನ್ನೊಬ್ಬ ಪಾರ್ಟ್ನರ್ ವಿಲಿಯಂ ಹರ್ನ್‌ಡನ್, ಲಿಂಕನ್ ನಡೆಯುವಾಗ ವಿಷಾದ ಮೈಯಿಂದ ತೊಟ್ಟಿಕ್ಕೋದು ಅನ್ನೋ ಅರ್ಥದಲ್ಲಿ ಬರೆದಿದ್ದಾನೆ. ಕುಸಿತದ ದಿನಗಳ ಬಗ್ಗೆ ಅಲ್ಲ, ಮಾಮೂಲಿ ದಿನಗಳ ಬಗ್ಗೆ. ಕೇಸ್ ಗೆಲ್ತಿದ್ದ ದಿನ, ಎಲ್ಲರನ್ನೂ ಜೋಕ್ ಹೇಳಿ ನಗಿಸ್ತಿದ್ದ ದಿನ. ಜೋಕ್ ಮುಗಿದ ತಕ್ಷಣ ಮುಖ ಮತ್ತೆ ಅದೇ. ಲಿಂಕನ್ ತನ್ನ ಈ ಸ್ಥಿತಿಗೆ ಆ ಕಾಲದ ಮಾತಲ್ಲಿ 'ಹೈಪೋ' ಅಂತಿದ್ದ. 'ಬ್ಲೂ ಮಾಸ್' ಅನ್ನೋ ಮಾತ್ರೆನೂ ತಗೊಳ್ತಿದ್ದ. ಅದರಲ್ಲಿದ್ದದ್ದು ಪಾದರಸ! ವಾಸಿ ಮಾಡೋದಿರಲಿ, ಅದೇ ವಿಷ.

ಅಂದ್ರೆ ಎರಡು ಬೇಸರ. ಒಂದು, ಬಂದು ಕೆಡವಿ ಹೋಗೋದು. ಎಲ್ಲರಿಗೂ ಕಾಣುತ್ತೆ, ಜನ ಓಡಿ ಬರ್ತಾರೆ. ಇನ್ನೊಂದು, ಹೋಗದೇ ಇರೋದು. ಅದಕ್ಕೆ ಯಾರೂ ಓಡಿ ಬರಲ್ಲ, ಯಾಕಂದ್ರೆ ಅದು 'ಅವನ ಸ್ವಭಾವ'. ಅಕೌಂಟ್ಸ್ ಭಾಷೆಯಲ್ಲಿ ಹೇಳಬೇಕಂದ್ರೆ ದೊಡ್ಡ ನಷ್ಟ ಬಂದ ತಿಂಗಳನ್ನ ಎಲ್ಲರೂ ನೋಡ್ತಾರೆ, ಓಪನಿಂಗ್ ಬ್ಯಾಲೆನ್ಸೇ ಮೈನಸ್ ಇತ್ತು ಅನ್ನೋದನ್ನ ಯಾರೂ ನೋಡಲ್ಲ.

(ಸತ್ತು 160 ವರ್ಷ ಆದವರಿಗೆ ಡಯಾಗ್ನೋಸಿಸ್ ಬರೆಯೋಕೆ ಆಗಲ್ಲ, ಅದೂ ಬಿಕಾಂ ಓದೋಳು. ನಾನು ಹೇಳ್ತಿರೋದು ಜನ ನೋಡಿ ಬರೆದಿಟ್ಟದ್ದನ್ನ ಮಾತ್ರ.)

4/8
1862ರ ಫೆಬ್ರವರಿಯಲ್ಲಿ ಶ್ವೇತಭವನದಲ್ಲೇ ಲಿಂಕನ್ ಮಗ ವಿಲ್ಲಿ ತೀರಿಕೊಂಡ. 11 ವರ್ಷ. ಅದೇ ಡಿಸೆಂಬರ್‌ನಲ್ಲಿ ಆತನ ಹಳೇ ಪರಿಚಯದ ವಿಲಿಯಂ ಮೆಕಲ್ಲೋ ಯುದ್ಧದಲ್ಲಿ ಸತ್ತ. ಮಗಳು ಫ್ಯಾನಿ, ಸುಮಾರು ನಮ್ಮ ವಯಸ್ಸಿನವಳು, ಊಟ ನಿದ್ದೆ ಬಿಟ್ಟು ಕೋಣೆ ಸೇರಿದ್ದಾಳೆ ಅಂತ ಲಿಂಕನ್‌ಗೆ ಸುದ್ದಿ ಬಂತು. ದೇಶ ಹೊತ್ತಿ ಉರಿಯುತ್ತಿರುವಾಗ ಪ್ರೆಸಿಡೆಂಟ್ ಕೂತು ಅವಳಿಗೆ ಪತ್ರ ಬರೆದ, ಡಿಸೆಂಬರ್ 23ಕ್ಕೆ.

ನನಗೆ ತುಂಬಾ ಇಷ್ಟವಾದ ಪತ್ರ ಇದು. 'ಧೈರ್ಯ ತಗೋ' ಅನ್ನೋ ಉಪದೇಶ ಇಲ್ಲ. ಚಿಕ್ಕ ವಯಸ್ಸಿನವರಿಗೆ ದುಃಖ ಹೆಚ್ಚು ಕಹಿ, ಯಾಕಂದ್ರೆ ಅವರಿಗೆ ಅದರ ಅಭ್ಯಾಸ ಇರಲ್ಲ ಅಂತಾನೆ. ಮುಂದೆ ಯಾವತ್ತಾದ್ರೂ ಸರಿ ಹೋಗ್ತೀನಿ ಅಂತ ಈಗ ನಿನಗೆ ಅನ್ನಿಸೋಕೇ ಸಾಧ್ಯ ಇಲ್ಲ, ಆದ್ರೆ ಆ ಅನ್ನಿಸಿಕೆ ತಪ್ಪು ಅಂತಾನೆ. ಇದನ್ನ ಹೇಳೋಷ್ಟು ಅನುಭವ ನನಗಿದೆ ಅಂತಾನೆ. ಕೊನೇ ಮಾತು ಎಷ್ಟು ನಿಜ ಅಂತ ಫ್ಯಾನಿಗೆ ಗೊತ್ತಿತ್ತೋ ಇಲ್ಲವೋ.

5/8
ಈಗ ಹೆಸರಿನ ಕಥೆ. ಹಳೇ ಗ್ರೀಕ್ ವೈದ್ಯರು ಭಯ ಮತ್ತು ದುಃಖ ಬಹಳ ದಿನ ಹೋಗದೇ ಇದ್ರೆ ಅದನ್ನ ಮೆಲಾಂಕಲಿ ಅಂದ್ರು, ಅಂದ್ರೆ ಕಪ್ಪು ಪಿತ್ತ. 1844ರಲ್ಲಿ, ಲಿಂಕನ್ ಬದುಕಿದ್ದಾಗಲೇ, ಜರ್ಮನಿಯ ಫ್ಲೆಮಿಂಗ್ ಅನ್ನೋ ವೈದ್ಯ 'ಡಿಸ್ತೀಮಿಯಾ' ಅನ್ನೋ ಪದ ಬಳಸಿದ. ಸರಳವಾಗಿ ಹೇಳಿದ್ರೆ ಕೆಟ್ಟ ಮನಸ್ಥಿತಿ. ಆದ್ರೆ ಹೋಗದ ಮಂಕುತನವನ್ನ ಬಹಳ ವೈದ್ಯರು ಮನೋಧರ್ಮ ಅಂತಲೇ ನೋಡಿದ್ರು. 1968ರ ಅಮೆರಿಕದ ಮನೋರೋಗಗಳ ಕೈಪಿಡಿಯಲ್ಲಿ ಇದ್ದದ್ದು 'ಡಿಪ್ರೆಸಿವ್ ನ್ಯೂರೋಸಿಸ್'. 1957ರಿಂದಲೇ ಖಿನ್ನತೆಗೆ ಇಮಿಪ್ರಮೀನ್ ಮಾತ್ರೆ ಗೊತ್ತಿತ್ತು, ಆದ್ರೆ ಅದು 'ನಿಜವಾದ' ಖಿನ್ನತೆಗೆ ಅಂತ ಎಷ್ಟೋ ವೈದ್ಯರ ನಂಬಿಕೆ. ಉಳಿದವರಿಗೆ ವರ್ಷಗಟ್ಟಲೆ ಮಾತುಕತೆ.

1980ರಲ್ಲಿ ಬಂದ ಮೂರನೇ ಆವೃತ್ತಿ ಡಿಸ್ತೀಮಿಯಾವನ್ನ ಖಿನ್ನತೆಯ ಗುಂಪಿಗೇ ಸೇರಿಸಿತು. ದೊಡ್ಡವರಲ್ಲಿ ಕನಿಷ್ಠ 2 ವರ್ಷ, ಮಕ್ಕಳಲ್ಲಿ ಮತ್ತು ಹದಿಹರೆಯದವರಲ್ಲಿ 1 ವರ್ಷ ಇರಬೇಕು ಅಂತ ಲೆಕ್ಕ ಇಟ್ಟಿತು. ಒಂದು ಪುಸ್ತಕದ ವಿಭಾಗ ಬದಲಾಗಿದ್ದು ಅಷ್ಟೇ ಅನ್ಸಬಹುದು. ಆದ್ರೆ 'ಸ್ವಭಾವ' ಅಂದ್ರೆ ಚಿಕಿತ್ಸೆ ಹುಡುಕೋ ಯೋಚನೆನೇ ಬರಲ್ಲ.

6/8
1982ರಲ್ಲಿ ಮಾರ್ಟಿನ್ ಕೆಲ್ಲರ್ ಮತ್ತು ರಾಬರ್ಟ್ ಶಪೀರೋ ಅನ್ನೋ ಇಬ್ಬರು ಅಮೆರಿಕನ್ ಸಂಶೋಧಕರು ತೀವ್ರ ಖಿನ್ನತೆಗೆ ಚಿಕಿತ್ಸೆಗೆ ಬಂದವರ ಹಿಂದಿನ ವರ್ಷಗಳನ್ನೂ ವಿಚಾರಿಸಿದ್ರು. ಸುಮಾರು ಕಾಲು ಭಾಗ ಜನ ಈ ಹೊಡೆತ ಬೀಳೋ ಮೊದಲೂ ಚೆನ್ನಾಗಿರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲ ಮಂಕಾಗೇ ಇದ್ರು. ಇದಕ್ಕೆ ಅವರು ಇಟ್ಟ ಹೆಸರು 'ಡಬಲ್ ಡಿಪ್ರೆಶನ್'.

ಆಮೇಲೆ ಅವರನ್ನ ಹಿಂಬಾಲಿಸಿದಾಗ ಕಂಡದ್ದು ಇದು: ದೊಡ್ಡ ಅಲೆ ಇಳಿಯುತ್ತೆ, ಎಷ್ಟೋ ಸಲ ಬೇಗನೇ ಇಳಿಯುತ್ತೆ. ಆದ್ರೆ ಮನುಷ್ಯ ಇಳಿದು ನಿಲ್ಲೋದು ಹಳೇ ಮಂಕಿನ ಮೇಲೇ. ಅಲ್ಲೇ ಉಳಿದವರು ಮತ್ತೆ ಬೀಳೋ ಸಾಧ್ಯತೆನೂ ಜಾಸ್ತಿ. ಸುತ್ತಲಿನವರಿಗೆ ಮಾತ್ರ 'ಸರಿ ಹೋದ್ರಲ್ಲ, ಕಾಲೇಜಿಗೆ ಬರ್ತಿದ್ದಾರಲ್ಲ'. 1842ರಲ್ಲಿ ಲಿಂಕನ್ ಮದುವೆಗೆ ಬಂದವರಿಗೂ ಹಾಗೇ ಅನ್ನಿಸಿರಬೇಕು.

7/8
2000ದಲ್ಲಿ ಇದೇ ಕೆಲ್ಲರ್ ತಂಡ ವರ್ಷಗಟ್ಟಲೆ ಖಿನ್ನತೆ ಇದ್ದ 681 ಜನರ ಮೇಲೆ 12 ವಾರದ ಒಂದು ಅಧ್ಯಯನ ಪ್ರಕಟಿಸಿತು. ಕೆಲವರಿಗೆ ಮಾತ್ರೆ ಮಾತ್ರ, ಕೆಲವರಿಗೆ ದೀರ್ಘ ಖಿನ್ನತೆಗೇ ಅಂತ ರೂಪಿಸಿದ ಥೆರಪಿ ಮಾತ್ರ, ಕೆಲವರಿಗೆ ಎರಡೂ. ಒಂದೊಂದೇ ಕೊಟ್ಟಾಗ 48% ಜನರಿಗೆ ಉಪಯೋಗ ಆಯ್ತು, ಎರಡೂ ಸೇರಿದಾಗ 73%. ಆ ನಿರ್ದಿಷ್ಟ ಮಾತ್ರೆ ನೆಫಜೋಡೋನ್, ಲಿವರ್‌ಗೆ ಅಪಾಯ ಅಂತ ಆಮೇಲೆ ಬಹಳ ದೇಶಗಳಲ್ಲಿ ನಿಂತಿತು. ಬೇರೆ ಮಾತ್ರೆಗಳಿವೆ. ಮುಖ್ಯ ಅಂದ್ರೆ, 'ಸ್ವಭಾವ' ಅಂದುಕೊಂಡಿದ್ದು 12 ವಾರದಲ್ಲಿ ಕದಲಿತು. ಆ ಥೆರಪಿ ರೂಪಿಸಿದವರ ಹೆಸರು ಜೇಮ್ಸ್ ಮೆಕಲ್ಲೋ. ಫ್ಯಾನಿಯ ಅಡ್ಡಹೆಸರೇ! ಕಾಕತಾಳೀಯ ಅಷ್ಟೇ, ಆದ್ರೂ ಓದಿದಾಗ ನಗು ಬಂತು.

2013ರಿಂದ ಕೈಪಿಡಿಯಲ್ಲಿ ಡಿಸ್ತೀಮಿಯಾ ಮತ್ತು ದೀರ್ಘಕಾಲದ ತೀವ್ರ ಖಿನ್ನತೆ ಎರಡನ್ನೂ ಸೇರಿಸಿ 'ಪರ್ಸಿಸ್ಟೆಂಟ್ ಡಿಪ್ರೆಸಿವ್ ಡಿಸಾರ್ಡರ್' ಅಂತಾರೆ.

8/8
ಇಷ್ಟೆಲ್ಲ ಅಮೆರಿಕದ ಕಥೆ ಇಲ್ಲಿ ಯಾಕೆ ಬರೆದೆ ಅಂದ್ರೆ, 'ಅವಳು ಮೊದಲಿಂದಲೂ ಹಾಗೇ' ಅನ್ನೋದನ್ನ ನಾವು ಕನ್ನಡದಲ್ಲೂ ದಿನಾ ಹೇಳ್ತೀವಿ. ನಮ್ಮ ಬಗ್ಗೆ ನಾವೇ ಹೇಳಿಕೊಳ್ತೀವಿ. 17ಕ್ಕೆ ಶುರುವಾದದ್ದು 20ಕ್ಕೂ ಇದ್ರೆ, ಅದಕ್ಕೂ ಮೊದಲು ನಾವು ಹೇಗಿದ್ವಿ ಅನ್ನೋದೇ ಮರೆತು ಹೋಗಿರುತ್ತೆ.

14416. ಇದು ಟೆಲಿ ಮಾನಸ್, ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ ಶುರುವಾಯ್ತು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಬೇಡ, 24 ಗಂಟೆನೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಗಾಗಲಿ, ಯಾವ ಡಾಕ್ಟರ್ ಹತ್ರನೇ ಆಗಲಿ, ಈ ವಾರ ಎಷ್ಟು ಕೆಟ್ಟದಾಗಿದೆ ಅನ್ನೋದರ ಜೊತೆಗೆ ಇದಕ್ಕೂ ಮೊದಲು ಎಷ್ಟು ವರ್ಷದಿಂದ ಹೇಗಿತ್ತು ಅನ್ನೋದನ್ನೂ ಹೇಳಿ. ಅವರು ಕೇಳದಿದ್ರೂ ಹೇಳಿ.