ಹೆಣ್ಣು, ಮಣ್ಣು ಮತ್ತು ಮುಳ್ಳುತಂತಿ

ಹೆಣ್ಣು, ಹೊನ್ನು, ಮಣ್ಣು ಈ ಮೂರರಿಂದಲೇ ಲೋಕದ ಜಗಳವೆಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಮೆರಿಕದ ಪ್ರೇರಿ ಬಯಲಿನ ಕಥೆ ಬರೆಯುವವರಿಗೆ ಈ ಮಾತು ಗೊತ್ತಿರಲಾರದು. ಆದರೂ ಅವರ ಕಥೆಯ ಹಂದರ ನಿಂತಿರುವುದು ಇದರ ಮೇಲೆಯೇ. ಒಂದು ಹೊಳೆ, ಅದರ ಎರಡು ದಡದಲ್ಲಿ ಎರಡು ಮನೆತನ. ನೀರಿಗಾಗಿಯೋ ಬೇಲಿಗಾಗಿಯೋ ಹಳೆಯ ವೈರ. ಊರಿನ ಪಾದ್ರಿಯೋ ನ್ಯಾಯಾಧೀಶನೋ ಮಧ್ಯೆ ಬಂದು ಈ ಮನೆಯ ಹುಡುಗಿಯನ್ನು ಆ ಮನೆಯ ಹುಡುಗನಿಗೆ ಗಂಟು ಹಾಕುತ್ತಾನೆ. ಹುಡುಗಿ ಅಳುತ್ತಾಳೆ, ಹುಡುಗ ಮುಖ ತಿರುಗಿಸುತ್ತಾನೆ. ಹಿಮ ಸುರಿಯುವ ಚಳಿಗಾಲವೊಂದು ಕಳೆಯುವಷ್ಟರಲ್ಲಿ ಇಬ್ಬರಲ್ಲೂ ಒಲವು, ದೇವರಲ್ಲಿ ನಂಬಿಕೆ, ಮನೆತನಗಳಲ್ಲಿ ರಾಜಿ. ಪುಸ್ತಕ ಮುಚ್ಚುವಾಗ ಓದುಗರ ಕಣ್ಣು ಒದ್ದೆ.

ಇಂಥ ಭಕ್ತಿಪ್ರಧಾನ ಪ್ರೇಮಕಥೆಗಳಿಗೆ ದಾರಿ ಹಾಕಿಕೊಟ್ಟವರಲ್ಲಿ ಮುಖ್ಯರು ಕೆನಡಾದ ಲೇಖಕಿ ಜಾನೆಟ್ ಓಕ್. 1979ರಲ್ಲಿ ಪ್ರಕಟವಾದ ಅವರ ‘ಲವ್ ಕಮ್ಸ್ ಸಾಫ್ಟ್‌ಲಿ’ ಕಾದಂಬರಿ ಅಪಾರ ಜನಪ್ರಿಯತೆ ಗಳಿಸಿತು. 2003ರಲ್ಲಿ ಮೈಕೆಲ್ ಲ್ಯಾಂಡನ್ ಜೂನಿಯರ್ ಅದನ್ನು ದೂರದರ್ಶನ ಚಿತ್ರವಾಗಿ ನಿರ್ದೇಶಿಸಿದರು. ಇವರ ತಂದೆ ಮೈಕೆಲ್ ಲ್ಯಾಂಡನ್ 1974ರಿಂದ ಅಮೆರಿಕದ ಮನೆಮನೆಗೂ ತಲುಪಿದ ‘ಲಿಟಲ್ ಹೌಸ್ ಆನ್ ದಿ ಪ್ರೇರಿ’ ಧಾರಾವಾಹಿಯ ನಾಯಕ ನಟ. ಹೀಗೆ ಪ್ರೇರಿಯ ಬಯಲು ಎರಡು ತಲೆಮಾರು ಕಿರುತೆರೆಯನ್ನು ಆಳಿದೆ. ಕಾರ್ಯಕ್ರಮ ನಿರ್ಮಿಸುವ ನನ್ನಂಥವರಿಗೆ ಇದರ ಗುಟ್ಟು ತಿಳಿಯದ್ದೇನಲ್ಲ: ವೈರವಿದ್ದರೆ ಕಥೆ ಓಡುತ್ತದೆ, ಮದುವೆಯಾದರೆ ಕಥೆ ಮುಗಿಯುತ್ತದೆ.

ಆದರೆ ಇತಿಹಾಸ ಇನ್ನೊಂದು ಪ್ರಶ್ನೆ ಕೇಳುತ್ತದೆ. ಆ ಬಯಲಿನಲ್ಲಿ ಹೆಣ್ಣನ್ನು ಮದುವೆಗೆ ನೂಕುತ್ತಿದ್ದವರು ಯಾರು? ಬರೀ ಅಪ್ಪ, ಅಣ್ಣ, ಪಾದ್ರಿ ಇಷ್ಟೇ ಜನವೇ? ಉತ್ತರಕ್ಕಾಗಿ ಮೊದಲು ಆ ನೆಲವನ್ನೇ ನೋಡೋಣ ಬನ್ನಿ.

ಪ್ರೇರಿ ಎಂದರೆ ಮರವಿಲ್ಲದ ಹುಲ್ಲುಗಾವಲು. ಮಿಸಿಸಿಪಿ ನದಿಯ ಆಸುಪಾಸಿನಿಂದ ಪಶ್ಚಿಮಕ್ಕೆ ರಾಕಿ ಪರ್ವತಗಳ ಬುಡದವರೆಗೆ, ಉತ್ತರಕ್ಕೆ ಕೆನಡಾದವರೆಗೆ ಇದು ಹಬ್ಬಿದೆ. ಪೂರ್ವದಲ್ಲಿ ಮಳೆ ಚೆನ್ನಾಗಿ ಬಿದ್ದು ಹುಲ್ಲು ಆಳೆತ್ತರ ಬೆಳೆಯುತ್ತದೆ. ಪಶ್ಚಿಮಕ್ಕೆ ಹೋದಂತೆ ರಾಕಿ ಪರ್ವತಗಳ ಮಳೆನೆರಳು ಆವರಿಸುತ್ತದೆ. ಸುಮಾರು ನೂರನೆಯ ರೇಖಾಂಶವನ್ನು ದಾಟಿದರೆ ವರ್ಷದ ಮಳೆ 20 ಅಂಗುಲಕ್ಕಿಂತ ಕಡಿಮೆ. ಹುಲ್ಲಿನ ಬೇರುಗಳು ಮಣ್ಣನ್ನು ಚಾಪೆಯಂತೆ ಹೆಣೆದುಬಿಟ್ಟಿರುತ್ತವೆ. ಜಾನ್ ಡಿಯರ್ ಎಂಬ ಕಮ್ಮಾರ 1837ರಲ್ಲಿ ಉಕ್ಕಿನ ನೇಗಿಲು ಮಾಡಿದ ಮೇಲೆಯೇ ಆ ಮಣ್ಣನ್ನು ಸಲೀಸಾಗಿ ಉಳಲು ಸಾಧ್ಯವಾದದ್ದು. ಮನೆ ಕಟ್ಟಲು ಮರವಿಲ್ಲ. ಬೇರುಸಹಿತ ಕತ್ತರಿಸಿದ ಮಣ್ಣಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಗೋಡೆ ಎಬ್ಬಿಸಬೇಕು. ಇಂಥ ಕಡೆ ಒಂಟಿಯಾಗಿ ಬದುಕುವುದು ಗಂಡಿಗೂ ಕಷ್ಟ, ಹೆಣ್ಣಿಗೂ ಕಷ್ಟ. ಹಾಗಾಗಿ ಮದುವೆಗೆ ನೂಕಿದ ಮೊದಲ ಕೈ ಚಳಿಗಾಲದ್ದು.

ಎರಡನೆಯ ಕೈ ಕಾನೂನಿನದು. ಇದನ್ನು ಕಾದಂಬರಿಗಳು ಅಷ್ಟಾಗಿ ಹೇಳುವುದಿಲ್ಲ.

ಎತ್ತಿನ ಬಂಡಿಗಳಲ್ಲಿ ಪ್ರೇರಿಯನ್ನು ದಾಟಿ ಪಶ್ಚಿಮ ಕರಾವಳಿಯ ಆರೆಗಾನ್ ಸೇರಿದ ಜನರಿಂದಲೇ ಕಥೆ ಆರಂಭಿಸಬಹುದು. 1850ರಲ್ಲಿ ಅಮೆರಿಕದ ಸಂಸತ್ತು ಅಲ್ಲಿನ ವಲಸಿಗರಿಗಾಗಿ ಒಂದು ಭೂಮಿ ಕಾಯಿದೆ ಮಾಡಿತು. ಮೊದಲೇ ಬಂದು ನೆಲೆಸಿದ್ದ ಅವಿವಾಹಿತ ಗಂಡಸಿಗೆ 320 ಎಕರೆ. ಅವನು 1851ರ ಡಿಸೆಂಬರ್ 1ರೊಳಗೆ ಮದುವೆಯಾದರೆ 640 ಎಕರೆ; ಅದರಲ್ಲಿ ಅರ್ಧ ಹೆಂಡತಿಯ ಸ್ವಂತ ಹಕ್ಕಿನಲ್ಲಿ. ಹೆಣ್ಣಿನ ಹೆಸರಿಗೆ ಭೂಮಿ ಎಂಬುದು ಆ ಕಾಲಕ್ಕೆ ದೊಡ್ಡ ಮಾತು, ನಿಜ. ಆದರೆ ಪರಿಣಾಮವೇನಾಯಿತು? ಗಂಡಸರು ಹೆಚ್ಚಾಗಿದ್ದು ಹೆಂಗಸರು ಕಡಿಮೆಯಿದ್ದ ಆ ನಾಡಿನಲ್ಲಿ 320 ಎಕರೆಯ ಆಸೆಗೆ ಹದಿನಾಲ್ಕು, ಹದಿನೈದರ ಹುಡುಗಿಯರಿಗೂ ಮದುವೆ ನಡೆದುಹೋದವು. ಯಾರೂ ಬಂದೂಕು ಹಿಡಿದು ಬೆದರಿಸಲಿಲ್ಲ. ಗಡುವಿನ ದಿನಾಂಕವೇ ಬಂದೂಕಿನ ಕೆಲಸ ಮಾಡಿತು.

ಪ್ರೇರಿಗೆ ಬಂದ ಕಾನೂನು ಬೇರೆ. 1862ರ ಮೇ 20ರಂದು ಅಧ್ಯಕ್ಷ ಲಿಂಕನ್ ಹೋಮ್‌ಸ್ಟೆಡ್ ಕಾಯಿದೆಗೆ ಸಹಿ ಹಾಕಿದರು. 21 ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರು ಅಲ್ಪ ಶುಲ್ಕ ಕಟ್ಟಿ 160 ಎಕರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಬಹುದು. ಐದು ವರ್ಷ ಅಲ್ಲೇ ವಾಸವಿದ್ದು, ಮನೆ ಕಟ್ಟಿ, ಉಳುಮೆ ಮಾಡಿ ತೋರಿಸಿದರೆ ಹಕ್ಕುಪತ್ರ. ಈ ಕಾಯಿದೆಯಡಿ ಕಾಲಕ್ರಮದಲ್ಲಿ ಸುಮಾರು 16 ಲಕ್ಷ ಕುಟುಂಬಗಳಿಗೆ 27 ಕೋಟಿ ಎಕರೆ, ಅಂದರೆ ಇಡೀ ದೇಶದ ನೆಲದಲ್ಲಿ ಹತ್ತನೆಯ ಒಂದು ಭಾಗ ಹಂಚಿಕೆಯಾಯಿತು.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅವಿವಾಹಿತೆ, ವಿಧವೆ, ವಿಚ್ಛೇದಿತೆ ಇವರೆಲ್ಲ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು. ಗಂಡನೊಡನೆ ಬಾಳುತ್ತಿದ್ದ ಹೆಂಡತಿ ಮಾತ್ರ ಸಾಮಾನ್ಯವಾಗಿ ಹಾಕುವಂತಿರಲಿಲ್ಲ. ಕಾನೂನಿನ ಕಣ್ಣಿನಲ್ಲಿ ಮನೆಯ ಯಜಮಾನ ಅವಳ ಗಂಡ. ಆರೆಗಾನ್ ಕಾಯಿದೆ ಹೆಣ್ಣನ್ನು ಮದುವೆಗೆ ನೂಕಿದರೆ, ಹೋಮ್‌ಸ್ಟೆಡ್ ಕಾಯಿದೆ ಮದುವೆಯಾಗದೆ ನಿಲ್ಲಲು ಅವಳಿಗೊಂದು ಜಾಗ ಕೊಟ್ಟಿತು. ಮುಂದೆ ಉತ್ತರ ಡಕೋಟದಂಥ ಕಡೆ ಅರ್ಜಿಗಳಲ್ಲಿ ಸುಮಾರು ಹತ್ತಕ್ಕೆ ಒಂದು ಹೆಂಗಸರದ್ದಾಗಿತ್ತು. ಶಾಲೆಯಲ್ಲಿ ಪಾಠ ಹೇಳುತ್ತಲೋ, ಬಟ್ಟೆ ಹೊಲಿಯುತ್ತಲೋ ಅವರು ಜಮೀನು ಉಳಿಸಿಕೊಂಡರು. ಕೆಲವರು ಹಕ್ಕುಪತ್ರ ಬಂದ ಮೇಲೆ ಮದುವೆಯಾದರು, ಕೆಲವರು ಆಗಲಿಲ್ಲ. ಆ ನಿರ್ಧಾರ ಅವರದ್ದಾಗಿತ್ತು ಎಂಬುದೇ ಮುಖ್ಯ.

ಇನ್ನು ವೈರದ ವಿಚಾರ. ಪೂರ್ವದ ಮಳೆನಾಡಿನ ಲೆಕ್ಕದಲ್ಲಿ 160 ಎಕರೆ ಒಂದು ಕುಟುಂಬಕ್ಕೆ ಧಾರಾಳ. ನೂರನೆಯ ರೇಖಾಂಶದಾಚೆ ಅದು ಏನೇನೂ ಸಾಲದು. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ತಮ್ಮ ವರದಿಯಲ್ಲಿ ಇದನ್ನೇ ಹೇಳಿದರು. ಒಣನಾಡಿನಲ್ಲಿ ದನ ಸಾಕಿ ಬದುಕುವ ಕುಟುಂಬಕ್ಕೆ 2,560 ಎಕರೆ ಬೇಕು, ಗಡಿ ಗುರುತಿಸುವಾಗ ನೀರಿನ ದಾರಿಯನ್ನು ನೋಡಿ ಗುರುತಿಸಬೇಕು ಎಂದು. ಸರ್ಕಾರ ಕಿವಿಗೊಡಲಿಲ್ಲ. ನಕ್ಷೆಯ ಮೇಲೆ ಅಡ್ಡಗೆರೆ, ಉದ್ದಗೆರೆ ಎಳೆದು ಚೌಕಗಳನ್ನು ಹಂಚುತ್ತಾ ಹೋಯಿತು.

ಆ ಬಯಲಿನಲ್ಲಿ ಆಗಲೇ ಸಾವಿರಾರು ದನಗಳ ಸಾಹುಕಾರರಿದ್ದರು. ಅವರ ಹಿಂಡುಗಳು ಮೇಯುತ್ತಿದ್ದುದು ಬಹುಪಾಲು ಸರ್ಕಾರಿ ನೆಲದಲ್ಲಿ, ಬಿಟ್ಟಿಯಾಗಿ. ಹೊಳೆಯ ದಡ ಯಾರ ಕೈಯಲ್ಲಿದೆಯೋ ಸುತ್ತಲಿನ ಒಣ ಬಯಲೂ ಅವರದ್ದೇ. ಹೀಗಿರುವಾಗ ಸಣ್ಣ ರೈತನೊಬ್ಬ ಬಂದು ಹೊಳೆಯ ಪಕ್ಕದ 160 ಎಕರೆಗೆ ಕಾನೂನುಬದ್ಧವಾಗಿ ಬೇಲಿ ಹಾಕಿದರೆ? 1874ರಲ್ಲಿ ಜೋಸೆಫ್ ಗ್ಲಿಡನ್ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಮರವಿಲ್ಲದ ನಾಡಿನಲ್ಲೂ ಬೇಲಿ ಅಗ್ಗವಾಯಿತು. 1886-87ರ ಭೀಕರ ಚಳಿಗಾಲದಲ್ಲಿ ಬಯಲಿನ ದನಗಳು ಲಕ್ಷಗಟ್ಟಲೆ ಸತ್ತವು. ಸಾಹುಕಾರರ ಕೈ ಕಟ್ಟಿತು, ಕೋಪ ಏರಿತು. ಕಾದಂಬರಿಯ ಎರಡು ಮನೆತನಗಳ ವೈರದ ಹಿಂದಿನ ನಿಜ ಇದು. ಸಮಬಲದ ಎರಡು ಕುಟುಂಬಗಳ ಜಗಳವಲ್ಲ; ಹಣ, ಪತ್ರಿಕೆ, ಅಧಿಕಾರ ಒಂದು ಕಡೆ, ಮಣ್ಣಿನ ಗುಡಿಸಲು ಇನ್ನೊಂದು ಕಡೆ.

ಈ ಎರಡು ಎಳೆಗಳು, ಅಂದರೆ ಮದುವೆ ಮತ್ತು ಮಣ್ಣು, ಒಂದೇ ಬದುಕಿನಲ್ಲಿ ಗಂಟುಬಿದ್ದ ಕಥೆಯೊಂದನ್ನು ಹೇಳಲೇಬೇಕು.

ಎಲೆನ್ ವಾಟ್ಸನ್ ಕೆನಡಾದ ಆಂಟೇರಿಯೋದಲ್ಲಿ ಹುಟ್ಟಿದವಳು. ಕುಟುಂಬ ಕ್ಯಾನ್ಸಾಸ್‌ಗೆ ವಲಸೆ ಬಂದು ಸರ್ಕಾರಿ ಜಮೀನು ಪಡೆಯಿತು. 1879ರಲ್ಲಿ ಅವಳ ಮದುವೆಯಾಯಿತು. ಗಂಡನದು ಕುಡಿತ, ಹೊಡೆತ. ಎಲೆನ್ ಸಹಿಸಿಕೊಂಡು ಕೂರಲಿಲ್ಲ. ಗಂಡನ ಮನೆ ಬಿಟ್ಟಳು, ವಿಚ್ಛೇದನ ಪಡೆದಳು, ಅಡುಗೆ ಮತ್ತು ಹೊಲಿಗೆ ಕೆಲಸ ಮಾಡುತ್ತಾ ವಯೋಮಿಂಗ್ ಸೇರಿದಳು. 1869ರಲ್ಲೇ ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿದ್ದ ಪ್ರಾಂತ್ಯ ಅದು. ಅಲ್ಲಿ ಸ್ವೀಟ್‌ವಾಟರ್ ನದಿಯ ಕಣಿವೆಯಲ್ಲಿ ಅಂಗಡಿಯಿಟ್ಟು, ಅಂಚೆಯ ಕೆಲಸವನ್ನೂ ನೋಡಿಕೊಳ್ಳುತ್ತಿದ್ದ ಜೇಮ್ಸ್ ಅವೆರೆಲ್‌ನ ಪರಿಚಯವಾಯಿತು. 1886ರಲ್ಲಿ ಇಬ್ಬರೂ ಮದುವೆಯ ಪರವಾನಗಿಗೆ ಅರ್ಜಿ ಹಾಕಿದ ದಾಖಲೆಯಿದೆ. ಆದರೆ ಮದುವೆಯ ಮಾತನ್ನು ಅವರು ಬಯಲು ಮಾಡಲಿಲ್ಲ. ಕಾರಣವನ್ನು ನೀವೀಗ ಊಹಿಸಬಲ್ಲಿರಿ. ಹೆಂಡತಿಯಾದರೆ ಅವಳ ಹೆಸರಿಗೆ ಭೂಮಿಯಿಲ್ಲ. ಇತಿಹಾಸಕಾರರೂ ಇದನ್ನೇ ಊಹಿಸಿದ್ದಾರೆ. 1888ರಲ್ಲಿ ಎಲೆನ್ ತನ್ನ ಹೆಸರಿನಲ್ಲೇ 160 ಎಕರೆಗೆ ಅರ್ಜಿ ಹಾಕಿದಳು. ಒಂದಿಷ್ಟು ದನ ಕೊಂಡಳು. ದನಗಳಿಗೆ ಹಾಕುವ ಮುದ್ರೆಯ ಹಕ್ಕನ್ನೂ ಕೊಂಡುಕೊಂಡಳು.

ಆ ಜಮೀನಿನಲ್ಲಿ ತೊರೆಯ ನೀರಿತ್ತು. ನೆರೆಯ ಸಾಹುಕಾರ ಆಲ್ಬರ್ಟ್ ಬಾತ್‌ವೆಲ್ ಆ ಹುಲ್ಲುಗಾವಲನ್ನು ತನ್ನದೆಂದೇ ಬಗೆದಿದ್ದ. 1889ರ ಜುಲೈ 20ರಂದು ಅವನೂ ಸೇರಿದಂತೆ ಆರು ಮಂದಿ ಸಾಹುಕಾರರು ದನಗಳ್ಳತನದ ಆರೋಪ ಹೊರಿಸಿ ಎಲೆನ್ ಮತ್ತು ಅವೆರೆಲ್ ಇಬ್ಬರನ್ನೂ ಬಂಡಿಯಲ್ಲಿ ಕೊಂಡೊಯ್ದು ಮರಕ್ಕೆ ನೇಣು ಹಾಕಿದರು. ಅವಳಿಗಿನ್ನೂ ಮೂವತ್ತು ತುಂಬಿರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿಗಳು ಒಬ್ಬೊಬ್ಬರಾಗಿ ಕಾಣೆಯಾದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಸಾಹುಕಾರರ ಪರವಾಗಿದ್ದ ಪತ್ರಿಕೆಗಳು ಅವಳನ್ನು ‘ಕ್ಯಾಟಲ್ ಕೇಟ್’ ಎಂದು ಕರೆದು ಕಳ್ಳಿ, ನಡತೆಗೆಟ್ಟವಳು ಎಂದು ಬರೆದವು. ಜೀವ ತೆಗೆದದ್ದು ಒಂದು ದಿನದ ಕೆಲಸ. ಮಾನ ಕಳೆದದ್ದು ನೂರು ವರ್ಷ ಉಳಿಯಿತು. ಮೂಲ ದಾಖಲೆಗಳನ್ನು ಹುಡುಕಿ ಅವಳು ಕಳ್ಳಿಯಲ್ಲ, ಜಮೀನು ಮಾಡಿಕೊಂಡ ರೈತಳು ಎಂದು ಸಂಶೋಧಕರು ತೋರಿಸಿಕೊಟ್ಟದ್ದು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ.

ಅವಳ ಸಾವಿನ ಮೂರು ವರ್ಷದ ನಂತರ, 1892ರ ಏಪ್ರಿಲ್‌ನಲ್ಲಿ, ವಯೋಮಿಂಗ್‌ನ ಸಾಹುಕಾರರು ಟೆಕ್ಸಾಸ್‌ನಿಂದ ಬಾಡಿಗೆ ಬಂದೂಕುಗಾರರನ್ನು ಕರೆಸಿ ಜಾನ್ಸನ್ ಕೌಂಟಿಯ ಮೇಲೆ ದಂಡೆತ್ತಿ ಹೋದರು. ಇಬ್ಬರನ್ನು ಕೊಂದರು. ಸುದ್ದಿ ಹಬ್ಬಿ ಊರಿನ ಜನ ಬಂದೂಕು ಹಿಡಿದು ಅವರನ್ನೇ ಮುತ್ತಿದಾಗ, ಅಧ್ಯಕ್ಷ ಹ್ಯಾರಿಸನ್ ಕಳಿಸಿದ ಕುದುರೆ ಪಡೆ ಬಂದು ದಾಳಿಕಾರರ ಜೀವ ಉಳಿಸಿತು. ಈ ಪ್ರಸಂಗವನ್ನೇ ಆಧರಿಸಿ 1980ರಲ್ಲಿ ಬಂದ ‘ಹೆವನ್ಸ್ ಗೇಟ್’ ಸಿನಿಮಾದಲ್ಲಿ ವಾಟ್ಸನ್ ಹೆಸರಿನ ಪಾತ್ರವಿದೆ. ಪಾತ್ರ ವೇಶ್ಯಾಗೃಹದ ಒಡತಿಯದು! ದೃಶ್ಯಮಾಧ್ಯಮದಲ್ಲಿರುವ ನಾವು ಇದರಿಂದ ಕಲಿಯುವುದು ಬಹಳವಿದೆ. ಪತ್ರಿಕೆಯ ಹಳೆಯ ಸುಳ್ಳು ಚಿತ್ರಕಥೆಯಾಗಿ ತೆರೆಗೆ ಬಂದಾಗ ಅದಕ್ಕೆ ಬಣ್ಣವೂ ಸೇರುತ್ತದೆ, ಸಂಗೀತವೂ ಸೇರುತ್ತದೆ.

ಹಾಗೆಂದು ನಾನು ಪ್ರೇರಿಯ ಪ್ರೇಮಕಥೆಗಳನ್ನು ತಳ್ಳಿಹಾಕುವವನಲ್ಲ. ಓಕ್ ಅವರ ಕಾದಂಬರಿಯನ್ನೇ ನೋಡಿ. ಗಂಡನನ್ನು ಕಳೆದುಕೊಂಡ ಮಾರ್ಟಿ, ಅವನನ್ನು ಮಣ್ಣು ಮಾಡಿದ ದಿನವೇ ಅಪರಿಚಿತ ಕ್ಲಾರ್ಕ್‌ನನ್ನು ಮದುವೆಯಾಗಬೇಕಾಗುತ್ತದೆ. ಅವನಿಗೆ ತನ್ನ ಪುಟ್ಟ ಮಗಳಿಗೊಬ್ಬ ತಾಯಿ ಬೇಕು, ಅವಳಿಗೆ ಚಳಿಗಾಲ ಕಳೆಯಲು ಸೂರು ಬೇಕು. ಆದರೆ ಕ್ಲಾರ್ಕ್ ಒಂದು ಮಾತು ಕೊಡುತ್ತಾನೆ: ವಸಂತದಲ್ಲಿ ಬಂಡಿಗಳು ಪೂರ್ವಕ್ಕೆ ಹೊರಟಾಗ ಅವಳು ಹೋಗಬಯಸಿದರೆ ದಾರಿಖರ್ಚು ತಾನೇ ಕೊಡುತ್ತೇನೆ ಎಂದು. ಇಡೀ ಕಥೆಯ ಜೀವಾಳ ಇರುವುದು ಈ ಮಾತಿನಲ್ಲಿ. ಹೋಗುವ ದಾರಿ ತೆರೆದಿದೆ ಎಂದು ಗೊತ್ತಿರುವುದರಿಂದಲೇ ಅವಳು ಉಳಿಯುವುದಕ್ಕೆ ಅರ್ಥ ಬರುತ್ತದೆ. ಆ ಬಾಗಿಲನ್ನು ಮುಚ್ಚಿ ನೋಡಿ. ಅದೇ ಕಥೆ ಸೆರೆವಾಸದ ಕಥೆಯಾಗುತ್ತದೆ. ಕಥೆಯಲ್ಲಿ ಬಾಗಿಲು ತೆರೆದದ್ದು ಒಬ್ಬ ಗಂಡಸಿನ ಒಳ್ಳೆಯತನ. ಇತಿಹಾಸದಲ್ಲಿ ಎಲ್ಲ ಗಂಡಸರೂ ಕ್ಲಾರ್ಕ್‌ಗಳಲ್ಲ. ಅಲ್ಲಿ ಬಾಗಿಲು ತೆರೆದದ್ದು ವಿಚ್ಛೇದನದ ಹಕ್ಕು, ದುಡಿಮೆಯ ಕೂಲಿ ಮತ್ತು ತನ್ನ ಹೆಸರಿನ 160 ಎಕರೆ.

ಕಥೆಯ ಎರಡು ಮನೆತನಗಳ ಆಚೆ ಮೂರನೆಯ ಮನೆತನವೊಂದಿತ್ತು ಎಂಬುದನ್ನೂ ಮರೆಯಬಾರದು. ಲಕೋಟ, ಶೈಯೆನ್, ಪಾನಿ ಮೊದಲಾದ ಮೂಲನಿವಾಸಿಗಳಿಗೆ ಆ ಬಯಲು ಖಾಲಿ ನೆಲವಾಗಿರಲಿಲ್ಲ, ತವರಾಗಿತ್ತು. 1887ರ ಡಾಸ್ ಕಾಯಿದೆ ಅವರ ಸಮುದಾಯದ ಭೂಮಿಯನ್ನು ಕುಟುಂಬಗಳ ಲೆಕ್ಕದಲ್ಲಿ ತುಂಡು ಮಾಡಿ ಉಳಿದದ್ದನ್ನು ವಲಸಿಗರಿಗೆ ತೆರೆಯಿತು. ಆಗ ಅವರ ಬಳಿ ಸುಮಾರು 13.8 ಕೋಟಿ ಎಕರೆ ಇತ್ತು. 1934ರ ಹೊತ್ತಿಗೆ ಉಳಿದದ್ದು ಸುಮಾರು 4.8 ಕೋಟಿ. ಒಬ್ಬ ಹೆಣ್ಣಿಗೆ ಬಿಡುಗಡೆಯ ಬಾಗಿಲಾದ ನೆಲ ಇನ್ನೊಬ್ಬಳ ಮನೆಯಂಗಳವಾಗಿತ್ತು. ಈ ಕಹಿಯನ್ನು ಯಾವ ಮದುವೆಯ ಸಿಹಿಯೂ ಮುಚ್ಚಲಾರದು.

ಮುಂದಿನ ಸಲ ಇಂಥದೊಂದು ಕಾದಂಬರಿ ಓದುವಾಗ, ಪರದೆಯ ಮೇಲೆ ಇಂಥ ಮದುವೆಯ ದೃಶ್ಯ ನೋಡುವಾಗ, ಖಂಡಿತ ಸಂತೋಷಪಡಿ. ಜೊತೆಗೆ ಎರಡು ಸಣ್ಣ ಪ್ರಶ್ನೆಗಳನ್ನು ಮನಸ್ಸಿನಲ್ಲೇ ಕೇಳಿಕೊಳ್ಳಿ. ಈ ನೆಲ ಯಾರ ಹೆಸರಿನಲ್ಲಿದೆ? ವಸಂತ ಬಂದಾಗ ಈ ಹುಡುಗಿ ಬೇಡವೆಂದು ಹೊರಟರೆ ಅವಳ ದಾರಿಗೆ ಯಾರಾದರೂ ಅಡ್ಡ ನಿಲ್ಲುತ್ತಾರೆಯೇ? ಉತ್ತರ ಸಮಾಧಾನ ತಂದರೆ, ಅಲ್ಲಿ ಅರಳುವುದನ್ನು ಪ್ರೀತಿಯೆಂದು ಕರೆಯಲು ಅಡ್ಡಿಯಿಲ್ಲ.