ಜೀವಿಗಳೆಲ್ಲಕ್ಕೂ ಸಮಾನವಾದುದೇನು? ಗೊಮ್ಮಟಸಾರ ಮತ್ತು ಕೇಶವವರ್ಣಿಯ ಕನ್ನಡ ವೃತ್ತಿ

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಚಾರ್ಯ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗಂಗರ ಮಂತ್ರಿ ಚಾವುಂಡರಾಯನ ನಿಮಿತ್ತವಾಗಿ ಪ್ರಾಕೃತದಲ್ಲಿ ರಚಿಸಿದ ಗ್ರಂಥ ‘ಗೊಮ್ಮಟಸಾರ’. ಗೊಮ್ಮಟ ಎಂಬುದು ಚಾವುಂಡರಾಯನದೇ ಇನ್ನೊಂದು ಹೆಸರು. ಷಟ್ಖಂಡಾಗಮ ಮತ್ತು ಅದರ ಮೇಲಿನ ವೀರಸೇನಾಚಾರ್ಯರ ಧವಲಾ ಟೀಕೆಯ ಸಾರವನ್ನು ಸಂಗ್ರಹಿಸಿರುವ ಈ ಕೃತಿಯ ಮೊದಲ ಭಾಗ ಜೀವಕಾಂಡ. ಏಳುನೂರಕ್ಕೂ ಮಿಕ್ಕ ಗಾಹೆಗಳಲ್ಲಿ ಅದು ಜೀವವನ್ನು 20 ಪ್ರರೂಪಣೆಗಳ ಮೂಲಕ ಪರೀಕ್ಷಿಸುತ್ತದೆ. ಗುಣಸ್ಥಾನದಿಂದ ಆರಂಭವಾಗುವ ಈ ಸರಣಿ ಉಪಯೋಗದಲ್ಲಿ ಮುಗಿಯುತ್ತದೆ. ನಡುವೆ ಬರುವ ಪರ್ಯಾಪ್ತಿ, ಪ್ರಾಣ, ಸಂಜ್ಞೆ ಎಂಬ ಮೂರು ಪ್ರಕರಣಗಳಲ್ಲಿ, ಜೀವಿಗಳೆಲ್ಲಕ್ಕೂ ಸಮಾನವಾದ ಲಕ್ಷಣ ಯಾವುದೆಂಬ ಪ್ರಶ್ನೆಗೆ ಈ ಪರಂಪರೆ ಕೊಡುವ ಉತ್ತರ ಬಿಡಿಬಿಡಿಯಾಗಿ ದೊರೆಯುತ್ತದೆ.

ಪ್ರಾಣಗಳು ಒಟ್ಟು 10: ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಶ್ವಾಸೋಚ್ಛ್ವಾಸ, ಆಯು. ಮನಸ್ಸುಳ್ಳ ಪಂಚೇಂದ್ರಿಯ ಜೀವಿಗೆ ಹತ್ತೂ ಇರುತ್ತವೆ. ಕೆಳಕ್ಕಿಳಿದಂತೆ ಒಂದೊಂದೇ ಕಳಚುತ್ತ ಹೋಗಿ, ಸಸ್ಯ ಮೊದಲಾದ ಏಕೇಂದ್ರಿಯ ಜೀವಿಗಳಲ್ಲಿ ನಾಲ್ಕು ಉಳಿಯುತ್ತವೆ: ಸ್ಪರ್ಶ, ದೇಹದ ಬಲ, ಉಸಿರು, ಆಯುಸ್ಸು. ಸರ್ವಸಾಮಾನ್ಯ ಲಕ್ಷಣಗಳು ಇವೇ ಎಂದು ಇಲ್ಲಿಗೆ ನಿಲ್ಲಿಸಿಬಿಡಬಹುದಿತ್ತು. ಆದರೆ ನೇಮಿಚಂದ್ರರು ಇಲ್ಲಿಗೆ ನಿಲ್ಲುವುದಿಲ್ಲ. ಹುಟ್ಟಿದ ಜೀವ ಆಹಾರ, ಶರೀರ, ಇಂದ್ರಿಯ, ಶ್ವಾಸ ಮುಂತಾದ ಶಕ್ತಿಗಳನ್ನು ಪೂರ್ಣಗೊಳಿಸಿಕೊಳ್ಳುವುದೇ ಪರ್ಯಾಪ್ತಿ. ಅವೆಲ್ಲ ಒಟ್ಟಿಗೆ ಆರಂಭವಾದರೂ ಪೂರ್ಣವಾಗುವುದು ಒಂದಾದ ಮೇಲೊಂದು. ಅವನ್ನು ಪೂರೈಸಿಕೊಳ್ಳುವ ಮುನ್ನವೇ ಸಾಯುವ ಜೀವಿಗಳುಂಟು. ಅವುಗಳ ಬದುಕು ಒಂದು ಉಸಿರಿನ 18ನೆಯ ಒಂದು ಭಾಗ ಮಾತ್ರ. ಉಸಿರಾಡುವ ಮೊದಲೇ ಅವುಗಳ ಆಯುಸ್ಸು ತೀರಿರುತ್ತದೆ. ಹೀಗಾಗಿ ಉಸಿರಾಟವೂ ಎಲ್ಲ ಜೀವಿಗಳಿಗೆ ಸಮಾನವಲ್ಲ. ಲೋಕರೂಢಿಯಲ್ಲಿ ‘ಉಸಿರು ಹೋಯಿತು’ ಎಂದರೆ ಜೀವ ಹೋಯಿತೆಂದೇ ಅರ್ಥ. ಶಾಸ್ತ್ರಕಾರರು ಆ ರೂಢಿಗೆ ಕಟ್ಟುಬೀಳಲಿಲ್ಲ.

ಸಂಜ್ಞೆಗಳು ನಾಲ್ಕು: ಆಹಾರ, ಭಯ, ಮೈಥುನ, ಪರಿಗ್ರಹ. ಇವುಗಳ ಕಾರಣಗಳನ್ನು ಹೇಳುವಲ್ಲಿ ಗ್ರಂಥದ ಸೂಕ್ಷ್ಮತೆ ಕಾಣುತ್ತದೆ. ಆಹಾರವನ್ನು ಕಾಣುವುದು, ನೆನೆಯುವುದು, ಹೊಟ್ಟೆ ಬರಿದಾಗಿರುವುದು, ಅದರೊಡನೆ ಅಸಾತಾವೇದನೀಯ ಕರ್ಮದ ಉದೀರಣೆ ಇವು ಹಸಿವಿನ ಕಾರಣಗಳು. ಭಯಕ್ಕೆ ಹೇಳಿರುವ ಕಾರಣಗಳಲ್ಲಿ ಬಲಹೀನತೆಯೂ ಒಂದು. ಒಳಗಿನ ಕರ್ಮ, ಹೊರಗಿನ ವಸ್ತು, ದೇಹದ ಸ್ಥಿತಿ, ನೆನಪು ಇವೆಲ್ಲವನ್ನೂ ಒಂದೇ ಎಳೆಯಲ್ಲಿ ಹೆಣೆಯಲಾಗಿದೆ.

ಈ ಪಟ್ಟಿಯನ್ನು ಇಂದಿನ ಪಠ್ಯಪುಸ್ತಕದ ಪೋಷಣೆ, ಉಸಿರಾಟ, ಬೆಳವಣಿಗೆ, ವಿಸರ್ಜನೆ, ಸಂತಾನೋತ್ಪತ್ತಿ, ಪ್ರತಿಸ್ಪಂದನಗಳ ಪಕ್ಕದಲ್ಲಿಟ್ಟು ಎರಡೂ ಒಂದೇ ಎನ್ನುವ ಉತ್ಸಾಹ ನಮ್ಮಲ್ಲಿ ಸಾಮಾನ್ಯ. ಅದು ಎರಡಕ್ಕೂ ನ್ಯಾಯವಲ್ಲ. ಜೀವಕಾಂಡಕ್ಕೆ ಬೆಂಕಿಯೂ ಗಾಳಿಯೂ ಜೀವಕಾಯಗಳೇ. ತಂದೆತಾಯಿಗಳಿಲ್ಲದ ಸಮ್ಮೂರ್ಛನ ಜನ್ಮವನ್ನು ಅದು ಒಪ್ಪುವುದರಿಂದ ಸಂತಾನೋತ್ಪತ್ತಿ ಅಲ್ಲಿ ಜೀವದ ಲಕ್ಷಣವಾಗುವುದಿಲ್ಲ. ಮೈಥುನಸಂಜ್ಞೆ ಒಂದು ಬಯಕೆ ಮಾತ್ರ. ಪರಿಗ್ರಹಕ್ಕಂತೂ ಜೀವಶಾಸ್ತ್ರದಲ್ಲಿ ಸಾಟಿಯೇ ಇಲ್ಲ. ಮೇಲಾಗಿ ಈ ಸಂಜ್ಞೆಗಳು ನಿತ್ಯವೂ ಅಲ್ಲ. ಗುಣಸ್ಥಾನಗಳನ್ನು ಏರುತ್ತ ಹೋದಂತೆ ಅವು ಒಂದೊಂದಾಗಿ ಬಿಟ್ಟುಹೋಗುತ್ತವೆ. ಹದಿನಾಲ್ಕನೆಯ ಗುಣಸ್ಥಾನದ ಅಯೋಗಕೇವಲಿಗೆ ಉಳಿಯುವ ಪ್ರಾಣ ಆಯುವೊಂದೇ. ಸಿದ್ಧರಿಗೆ ಅದೂ ಇಲ್ಲ. ಕೊನೆಗೆ ಯಾವ ಜೀವವನ್ನೂ ಬಿಡದ ಲಕ್ಷಣ ಉಪಯೋಗ, ಅಂದರೆ ಜ್ಞಾನದರ್ಶನರೂಪವಾದ ಚೈತನ್ಯದ ವ್ಯಾಪಾರ. ಆಗತಾನೆ ಹುಟ್ಟಿದ ಸೂಕ್ಷ್ಮ ನಿಗೋದಜೀವಿಯಲ್ಲಿಯೂ ಎಂದೂ ಮುಚ್ಚಿಹೋಗದ ಅತ್ಯಲ್ಪ ಜ್ಞಾನಾಂಶವೊಂದು ಇದ್ದೇ ಇರುತ್ತದೆಂದು ಗ್ರಂಥ ಪ್ರತಿಪಾದಿಸುತ್ತದೆ.

ಇಷ್ಟು ಕ್ಲಿಷ್ಟವಾದ ವಿಷಯವನ್ನು ಕನ್ನಡದಲ್ಲಿ ವಿವರಿಸಿದವನು ಕೇಶವವರ್ಣಿ. ಅಭಯಸೂರಿ ಸಿದ್ಧಾಂತಚಕ್ರವರ್ತಿಗಳ ಶಿಷ್ಯನಾದ ಈತ ಧರ್ಮಭೂಷಣ ಭಟ್ಟಾರಕರ ಆದೇಶದಂತೆ ಶಕವರ್ಷ 1281ರಲ್ಲಿ, ಅಂದರೆ ಕ್ರಿ.ಶ. 1359ರಲ್ಲಿ, ಗೊಮ್ಮಟಸಾರಕ್ಕೆ ಕರ್ಣಾಟಕ ವೃತ್ತಿಯನ್ನು ಬರೆದನು. ಮುಂದೆ ನೇಮಿಚಂದ್ರ ಎಂಬ ಹೆಸರಿನ ಬೇರೊಬ್ಬ ವಿದ್ವಾಂಸನು ಈ ವೃತ್ತಿಯನ್ನೇ ಆಧರಿಸಿ ‘ಜೀವತತ್ತ್ವಪ್ರದೀಪಿಕೆ’ಯನ್ನು ಸಂಸ್ಕೃತದಲ್ಲಿ ರಚಿಸಿದನು. ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಆ ಸಂಸ್ಕೃತ ಟೀಕೆಯನ್ನು ಅನುಸರಿಸಿ ತಮ್ಮ ದೇಶಭಾಷೆಯಲ್ಲಿ ‘ಸಮ್ಯಗ್ಜ್ಞಾನಚಂದ್ರಿಕೆ’ಯನ್ನು ಬರೆದರು. ಉತ್ತರ ಭಾರತದ ಜೈನ ಸಮಾಜ ಜೀವಕಾಂಡವನ್ನು ಅರಿತದ್ದು ಬಹುಮಟ್ಟಿಗೆ ಈ ಹಾದಿಯಲ್ಲಿ. ಹಾದಿಯ ಮೊದಲಲ್ಲಿದ್ದ ಕನ್ನಡ ಮಾತ್ರ ಮರೆಗೆ ಸರಿಯಿತು. ಸಂಸ್ಕೃತ ಟೀಕೆಯೇ ಕೇಶವವರ್ಣಿಯದೆಂಬ ನಂಬಿಕೆ ಪಂಡಿತವಲಯದಲ್ಲಿ ಬೇರೂರಿತು.

ಇದಕ್ಕೆ ವೃತ್ತಿಯ ಭಾಷೆಯೂ ಒಂದು ಕಾರಣ. ಅದರ ಪಾರಿಭಾಷಿಕ ಪದಗಳೂ ದೀರ್ಘ ಸಮಾಸಗಳೂ ಸಂಸ್ಕೃತದವು. ವಿಭಕ್ತಿಪ್ರತ್ಯಯಗಳು, ಕ್ರಿಯಾಪದಗಳು, ವಾಕ್ಯದ ಬಂಧ ಕನ್ನಡದವು. ಪ್ರತ್ಯಯಗಳನ್ನು ಬದಲಿಸಿದರೆ ಸಾಕು, ವಾಕ್ಯ ಹೆಚ್ಚು ಶ್ರಮವಿಲ್ಲದೆ ಸಂಸ್ಕೃತವಾಗುತ್ತದೆ. ಇದೇ ಕಾರಣಕ್ಕೆ ಕನ್ನಡ ಸಾಹಿತ್ಯಚರಿತ್ರೆಯೂ ಇದನ್ನು ಉಪೇಕ್ಷಿಸಿತೆನ್ನಬೇಕು. ಪಂಪ, ರನ್ನರಿಗೆ ಸಂದ ಗಮನದಲ್ಲಿ ಅಲ್ಪಾಂಶವೂ ಶಾಸ್ತ್ರಗದ್ಯಕ್ಕೆ ಸಲ್ಲಲಿಲ್ಲ. ಸಂಸ್ಕೃತ ಟೀಕೆಯ ಕರ್ತೃ ನೇಮಿಚಂದ್ರನೆಂದೂ ಅದರ ಮೂಲ ಕನ್ನಡ ವೃತ್ತಿಯೆಂದೂ ಸಾಧಾರವಾಗಿ ತೋರಿಸಿದವರು ಬೆಳಗಾವಿ ಜಿಲ್ಲೆಯ ಸದಲಗದವರಾದ ಡಾ. ಆ. ನೇ. ಉಪಾಧ್ಯೆ. ಅವರೂ ಪಂಡಿತ ಕೈಲಾಶಚಂದ್ರ ಶಾಸ್ತ್ರಿಗಳೂ ಸಂಪಾದಿಸಿದ ಆವೃತ್ತಿಯನ್ನು ಭಾರತೀಯ ಜ್ಞಾನಪೀಠವು 1970ರ ದಶಕದ ಕೊನೆಯಲ್ಲಿ ಪ್ರಕಟಿಸಲು ತೊಡಗಿತು. ಕೇಶವವರ್ಣಿಯ ವೃತ್ತಿ ಮತ್ತು ಅದರಿಂದ ಹುಟ್ಟಿದ ಸಂಸ್ಕೃತ ಟೀಕೆ ಅಲ್ಲಿ ಒಟ್ಟಿಗೇ ಅಚ್ಚಾಗಿವೆ. ಪ್ರಾಣಪ್ರರೂಪಣೆಯ ಭಾಗವೊಂದನ್ನೇ ತೆಗೆದುಕೊಂಡು ಎರಡನ್ನೂ ವಾಕ್ಯವಾಕ್ಯವಾಗಿ ಹೋಲಿಸಿದರೂ ಕನ್ನಡ ಶಾಸ್ತ್ರಗದ್ಯದ ಸ್ವರೂಪವನ್ನು ಕುರಿತು ಸಂಶೋಧಕರಿಗೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ.