ಹೊಳೆ ತುಂಬುವ ಮುನ್ನ ಹರಿಗೋಲು

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ಪತ್ರ ಬರೆದು, ತಾನು ಕೊಂಡಿರುವ ಮೋಟಾರು ದೋಣಿಯ ವಿಚಾರವನ್ನು ವಿವರವಾಗಿ ತಿಳಿಸಿದ್ದಾನೆ. ಅಲ್ಲಿ ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುವುದರಿಂದ ದೋಣಿಯನ್ನು ದಡಕ್ಕೆಳೆದು ಮುಚ್ಚಿಡಬೇಕು. ದೋಣಿಯ ಒಡಲಿನಲ್ಲೇ ಕೂರಿಸಿದ ಎಂಜಿನ್ನಿನೊಳಗೆ ನೀರು ಉಳಿದರೆ ಅದು ಮಂಜುಗಡ್ಡೆಯಾಗಿ ಹಿಗ್ಗಿ ಎರಕದ ಕಬ್ಬಿಣವನ್ನೇ ಬಿರಿಯಿಸುತ್ತದೆ. ವಸಂತದಲ್ಲಿ ಮತ್ತೆ ನೀರಿಗಿಳಿಸುವ ಮುನ್ನ ಎಣ್ಣೆ ಬದಲಿಸಿ, ನೀರೆತ್ತುವ ಪಂಪಿನ ರಬ್ಬರು ಚಕ್ರವನ್ನು ಪರೀಕ್ಷಿಸಿ, ತಳದ ಬಿರಡೆಯನ್ನು ಮರೆಯದೆ ಹಾಕಿ, ಒಳಗೆ ಕವಿದ ಪೆಟ್ರೋಲಿನ ಆವಿಯನ್ನು ಹೊರದೂಡಿದ ಮೇಲೆಯೇ ಎಂಜಿನ್ ಚಾಲೂ ಮಾಡಬೇಕಂತೆ. "ಗುರುಗಳೇ, ನಮ್ಮ ಕಡೆ ಇಂಥದ್ದೇನಾದರೂ ಇತ್ತೇ?" ಎಂಬುದು ಅವನ ಪ್ರಶ್ನೆ.

ಇತ್ತು. ಎಂಜಿನ್ ಇರಲಿಲ್ಲ, ಹೆಪ್ಪುಗಟ್ಟುವ ಚಳಿಯೂ ಇರಲಿಲ್ಲ. ನಮ್ಮ ದೋಣಿ ಹರಿಗೋಲು. ಅದು ದಡದಲ್ಲಿ ಮಲಗುವ ಕಾಲ ಬೇಸಿಗೆ.

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರೂ ಊರುಗಳು ಹೊಳೆಗೆ ಬೆನ್ನು ಮಾಡಿ, ಹೆದ್ದಾರಿ ಮತ್ತು ರೈಲುದಾರಿಯ ಗುಂಟ ಕುಳಿತಿವೆ. ರಾಣೇಬೆನ್ನೂರೆಂದರೆ ಹೊರಗಿನವರಿಗೆ ಕೃಷ್ಣಮೃಗದ ಬಯಲು, ಬ್ಯಾಡಗಿಯೆಂದರೆ ಒಣಮೆಣಸಿನಕಾಯಿ. ಆದರೆ ಪೂರ್ವಕ್ಕೆ ಕೆಲವು ಹರದಾರಿ ನಡೆದರೆ ತುಂಗಭದ್ರೆ. ಐರಣಿ, ಚೌಡಯ್ಯದಾನಪುರ, ಗಳಗನಾಥ, ಹಾವನೂರು ಇವೆಲ್ಲ ಅವಳ ದಂಡೆಯ ಊರುಗಳು. ಸಾಗರ ಸೀಮೆಯಲ್ಲಿ ಹುಟ್ಟಿದ ವರದೆ ಹಾವೇರಿಯ ಮಗ್ಗುಲಲ್ಲಿ ಹರಿದು ಬಂದು ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತಾಳೆ. ಇಂದಿನವರಿಗೆ ವಿಚಿತ್ರವೆನಿಸಬಹುದಾದ ಸಂಗತಿಯೆಂದರೆ, ಬ್ರಿಟಿಷರ ಕಾಲದಲ್ಲಿ ಈ ಹೊಳೆಯೇ ಪ್ರಾಂತಗಳ ಗಡಿಯಾಗಿತ್ತು. ಈಚೆಯ ದಂಡೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಆಚೆಯ ಹರಿಹರ ಮೈಸೂರು ಸಂಸ್ಥಾನ. ಹರಪನಹಳ್ಳಿ, ಹಡಗಲಿಗಳು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಮಗಳನ್ನು ಆಚೆ ದಂಡೆಗೆ ಕೊಟ್ಟವರು ನಾಗಪಂಚಮಿಗೆ ಅವಳನ್ನು ಕರೆತರಬೇಕಾದರೆ ಒಂದು ಸರಕಾರದಿಂದ ಇನ್ನೊಂದು ಸರಕಾರಕ್ಕೆ ದಾಟಬೇಕಾಗಿತ್ತು, ಅದೂ ತುಂಬಿದ ಹೊಳೆಯಲ್ಲಿ. ಈ ಗಡಿ ಪೂರ್ತಿಯಾಗಿ ಅಳಿಸಿದ್ದು 1956ರ ಏಕೀಕರಣದಿಂದ.

ಬೇಸಿಗೆಯಲ್ಲಿ ಹರಿಗೋಲಿನ ಅಗತ್ಯ ಬೀಳುತ್ತಿರಲಿಲ್ಲ. ಮೆಣಸಿನಕಾಯಿ ಒಣಗಿ ಪೇಟೆಗೆ ಬರುವ ದಿನಗಳಲ್ಲಿ ಹೊಳೆ ಇಳಿದು, ಚಕ್ಕಡಿಗಳು ಉಸುಕಿನ ಮೇಲೆಯೇ ದಾಟುತ್ತಿದ್ದವು. ಅಂಬಿಗರು ಹರಿಗೋಲನ್ನು ದಂಡೆಗೆ ತಂದು, ಮರದ ನೆರಳಿನಲ್ಲಿ ಬೋರಲು ಹಾಕುತ್ತಿದ್ದರು. ಬಿಸಿಲಿಗೆ ತೊಗಲು ಬಿರಿಯುತ್ತಿತ್ತು. ಇಲಿ, ನಾಯಿಗಳು ಕಡಿಯುತ್ತಿದ್ದವು. ಬಿದಿರಿಗೆ ನುಸಿ ಹಿಡಿಯುತ್ತಿತ್ತು. ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ಸಿದ್ಧತೆ ಆರಂಭವಾಗುತ್ತಿತ್ತು. ನಮ್ಮ ಆಕಾಶವನ್ನು ನೋಡಿ ಕುಳಿತರೆ ಕೆಲಸ ಕೆಡುತ್ತಿತ್ತು. ಇಲ್ಲಿ ಹನಿ ಬೀಳದಿದ್ದರೂ ಮಲೆನಾಡಿನಲ್ಲಿ ಸುರಿದ ಮಳೆಗೆ ಒಂದೇ ರಾತ್ರಿಯಲ್ಲಿ ಕೆಂಪು ನೀರು ಬಂದುಬಿಡುತ್ತಿತ್ತು.

ಈ ಸಿದ್ಧತೆಯನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಮೊದಲು ಬಿದಿರಿನ ಹಂದರದ ಪರೀಕ್ಷೆ. ಸೀಳಿದ ಬಿದಿರಿನ ದೆಬ್ಬೆಗಳನ್ನು ನಡುವಿನಿಂದ ಒಂದರ ಮೇಲೊಂದು ಹಾಯಿಸಿ ಹೆಣೆದು, ಅಂಚಿನಲ್ಲಿ ದಪ್ಪನೆಯ ಸುತ್ತು ಕಟ್ಟಿದ ದೊಡ್ಡ ಬುಟ್ಟಿಯೇ ಹರಿಗೋಲು. ಮುರಿದ ದೆಬ್ಬೆಯನ್ನು ಕಿತ್ತು ಹೊಸದನ್ನು ಸೇರಿಸುತ್ತಿದ್ದರು. ಅನಂತರ ತೊಗಲು. ಒಣಗಿ ಹಲಗೆಯಂತಾದ ತೊಗಲನ್ನು ನೀರಿನಲ್ಲಿ ನೆನೆಹಾಕಿ ಮೆತ್ತಗೆ ಮಾಡಿ, ಹಂದರಕ್ಕೆ ಎಳೆದು ಮಿಣಿಯಿಂದ ಬಿಗಿದು, ಹೊಲಿಗೆಗಳ ಮೇಲೆ ಎಣ್ಣೆ ಉಜ್ಜುತ್ತಿದ್ದರು. ಕೊನೆಯ ಪರೀಕ್ಷೆ ಬಹಳ ಸರಳ. ಹರಿಗೋಲನ್ನು ಕಲ್ಲುಗಳ ಮೇಲೆತ್ತಿಟ್ಟು ಒಳಗೆ ಕೊಡಗಳಿಂದ ನೀರು ಸುರಿದು, ಕೆಳಗೆ ಎಲ್ಲಿ ತೊಟ್ಟಿಕ್ಕುತ್ತದೆಂದು ನೋಡುವುದು! ಒಳಗಿನ ನೀರು ಹೊರಗೆ ಬರುವ ದಾರಿಯೇ ಹೊರಗಿನ ನೀರು ಒಳಗೆ ಬರುವ ದಾರಿ ಎಂಬ ಈ ತರ್ಕವನ್ನು ನಾನು ಮುಂದೆ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಒಂದು ಹರಿಗೋಲಿನ ಹಿಂದೆ ಎಷ್ಟು ಕೈಗಳಿದ್ದವೆಂಬುದನ್ನು ಗಮನಿಸಬೇಕು. ಬಿದಿರು ಸೀಳಿ ಹೆಣೆಯುವವರು ಮೇದಾರರು, ತೊಗಲು ಹದಮಾಡಿ ಹೊಲಿಯುವವರು ಊರ ಹೊರಗೆ ಇಟ್ಟವರು, ಹುಟ್ಟು ಹಾಕುವವರು ಗಂಗಾಮತಸ್ಥರು. ತೊಗಲು ಮುಟ್ಟಿದರೆ ಮೈಲಿಗೆಯೆಂದು ಸ್ನಾನ ಮಾಡುತ್ತಿದ್ದವರೂ ಹೊಳೆ ತುಂಬಿದಾಗ ಎಮ್ಮೆಯ ತೊಗಲಿನಲ್ಲೇ ಕಾಲು ಮಡಚಿ ಕುಳಿತು ದಾಟಿದರು. ಆಚೆ ದಂಡೆಯಲ್ಲಿ ಇಳಿದ ಕೂಡಲೇ ಮೈಲಿಗೆ ಮತ್ತೆ ನೆನಪಾಗುತ್ತಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ನದಿ ದಾಟಿದ ರಾಜರ ಹೆಸರುಗಳಿವೆ, ದಾಟಿಸಿದ ತೊಗಲನ್ನು ಹೊಲಿದವರ ಸುದ್ದಿಯಿಲ್ಲ. ಅಂಬಿಗರ ಮಟ್ಟಿಗೆ ಮಾತ್ರ ಒಂದು ದೊಡ್ಡ ಅಪವಾದವಿದೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ದೇವರ ಹೆಸರನ್ನು ಅಂಕಿತವಾಗಿಸಿಕೊಳ್ಳದೆ, ಕಸುಬಿನ ಸಮೇತ ತನ್ನ ಹೆಸರನ್ನೇ ವಚನಗಳಲ್ಲಿ ಇಟ್ಟುಕೊಂಡ. ಮುಕ್ತೇಶ್ವರ ದೇವಾಲಯವಿರುವ ಹೊಳೆದಂಡೆಯ ಚೌಡಯ್ಯದಾನಪುರ ಅವನ ಹೆಸರನ್ನು ಇಂದಿಗೂ ಹೊತ್ತಿದೆ.

ಹೊರಗಿನವರ ಕಣ್ಣಿಗೆ ಹರಿಗೋಲು ಬೆರಗಿನ ವಸ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಇದೇ ಹೊಳೆಯ ಕೆಳಭಾಗದಲ್ಲಿ ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊತ್ತು ತಿರುಗುತ್ತಾ ಸಾಗುವುದನ್ನು ಬರೆದಿಟ್ಟಿದ್ದಾನೆ. ಆದರೆ ಹರಿಗೋಲಿನ ಸಿದ್ಧತೆಯ ಬೆಲೆಯನ್ನು ಅರಿತವನು ಆರ್ಥರ್ ವೆಲ್ಲೆಸ್ಲಿ, ಮುಂದೆ 1815ರಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಪ್ರಸಿದ್ಧನಾದ ವೆಲ್ಲಿಂಗ್ಟನ್. ಧೋಂಡಿಯಾ ವಾಘನನ್ನು ಬೆನ್ನಟ್ಟಿ ಅವನು ಹರಿಹರದ ಬಳಿ ಹೊಳೆ ದಾಟಿದ್ದು 1800ರ ಜೂನ್ ತಿಂಗಳಲ್ಲಿ, ಮುಂಗಾರಿನ ಬಾಯಿಯಲ್ಲಿ. ಜೂನ್ 27ರಂದು ರಾಣೇಬೆನ್ನೂರಿನ ಕೋಟೆ ಅವನ ಕೈಸೇರಿತು. ಸೆಪ್ಟೆಂಬರ್ 10ರಂದು ಧೋಂಡಿಯಾ ಕೋಣಗಲ್ಲಿನಲ್ಲಿ ಹತನಾದ. ನೀರು ಏರಿದ ಮೇಲೆ ದೋಣಿ ಹುಡುಕುವ ಕಷ್ಟ ಆ ದಂಡಯಾತ್ರೆಯಲ್ಲಿ ವೆಲ್ಲೆಸ್ಲಿಗೆ ಚೆನ್ನಾಗಿ ತಿಳಿದಿರಬೇಕೆಂದು ನನ್ನ ಅಭಿಪ್ರಾಯ. ಏಕೆಂದರೆ ಪೇಶ್ವೆ ಎರಡನೆಯ ಬಾಜೀರಾಯನನ್ನು ಮತ್ತೆ ಗಾದಿಗೆ ಕೂರಿಸಲು ಪುಣೆಗೆ ಹೊರಟಾಗ, ನಮ್ಮ ಹಾವನೂರಿನ ಬಳಿ ಅವನು ತುಂಗಭದ್ರೆಯನ್ನು ದಾಟಿದ್ದು 1803ರ ಮಾರ್ಚ್ 12ರಂದು, ಹೊಳೆ ಇಳಿದಿದ್ದ ಕಾಲದಲ್ಲಿ. ಅದೇ ಬೇಸಿಗೆಯಲ್ಲಿ, ಮಳೆಗೆ ಮೊದಲೇ, ಮಲಪ್ರಭಾ, ಘಟಪ್ರಭಾ, ಕೃಷ್ಣೆಯ ಕಡವುಗಳಲ್ಲಿ ತೊಗಲಿನ ಬುಟ್ಟಿದೋಣಿಗಳನ್ನು ಮಾಡಿಸಿಡಬೇಕೆಂದು ಅವನು ಮೇಲಿಂದ ಮೇಲೆ ಪತ್ರ ಬರೆಯುತ್ತಾನೆ. ಆ ವರ್ಷದ ಸೆಪ್ಟೆಂಬರಿನಲ್ಲಿ ಅಸಾಯೆ ಯುದ್ಧವನ್ನು ಗೆದ್ದವನ ಬೆನ್ನ ಹಿಂದಿನ ದಾರಿ ತೆರೆದಿದ್ದುದಕ್ಕೆ ಈ ಬುಟ್ಟಿಗಳೂ ಕಾರಣ. ರೋಹಿಣಿ ಮಳೆಯೊಳಗೆ ನಮ್ಮ ಅಂಬಿಗರು ಮಾಡುತ್ತಿದ್ದುದನ್ನೇ ಅವನು ಲೇಖನಿಯಿಂದ ಮಾಡಿಸಿದ. ಪತ್ರಗಳು ಉಳಿದುದರಿಂದ ಅದು ಇತಿಹಾಸವಾಯಿತು.

ಸೇತುವೆಗಳ ಕಥೆಯನ್ನು ಬೇಗ ಮುಗಿಸುತ್ತೇನೆ. ಹರಿಹರದ ಹದಿನಾಲ್ಕು ಕಮಾನುಗಳ ಸೇತುವೆ 1868ರಲ್ಲಿ ಮುಗಿಯಿತು, 1880ರ ದಶಕದಲ್ಲಿ ರೈಲು ಬಂದಿತು. ಹೆದ್ದಾರಿಯವರಿಗೆ ಹೊಳೆ ಮರೆತೇಹೋಯಿತು. ದಂಡೆಯ ಹಳ್ಳಿಗಳವರು ಮಾತ್ರ ಮತ್ತೂ ಎರಡು ಮೂರು ತಲೆಮಾರು ಹರಿಗೋಲನ್ನೇ ನಂಬಿದ್ದರು.

ಕರಾವಳಿಯಲ್ಲಿ ಈ ಲೆಕ್ಕ ತಲೆಕೆಳಗು. ಮಲ್ಪೆ, ಮಂಗಳೂರುಗಳ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ನಮ್ಮ ಹರಿಗೋಲು ನೀರಿಗಿಳಿಯುತ್ತಿದ್ದ ದಿನಗಳಲ್ಲೇ ಅವರ ದೋಣಿಗಳು ಕಡಲು ಬಿಟ್ಟು, ಎಂಜಿನ್ ಬಿಚ್ಚಿಸಿಕೊಂಡು, ಬಣ್ಣ ಬಳಿಸಿಕೊಳ್ಳುತ್ತಾ ಆಗಸ್ಟಿಗಾಗಿ ಕಾಯುತ್ತವೆ. ಮಿಷಿಗನ್ನಿನವನ ದೋಣಿಗೆ ಇವೇ ಹತ್ತಿರದ ಬಂಧುಗಳು.

2019ರ ಆಗಸ್ಟಿನಲ್ಲಿ ವರದೆ ಉಕ್ಕಿ ಹಾವೇರಿ ಜಿಲ್ಲೆಯ ದಂಡೆಯ ಹಳ್ಳಿಗಳಿಗೆ ನುಗ್ಗಿದಳು. ಅಂಥ ಹೊತ್ತಿನಲ್ಲಿ ಜನರನ್ನು ದಾಟಿಸಲು ಈಗ ಮೋಟಾರು ಹಚ್ಚಿದ ರಬ್ಬರು ದೋಣಿಗಳು ಬರುತ್ತವೆ. ಹರಿಗೋಲು ಮೀನು ಹಿಡಿಯುವವರ ಕೈಯಲ್ಲಿ ಉಳಿದಿದೆ. ಹಂದರ ಬಿದಿರಿನದೇ, ತೊಗಲು ಹೋಗಿ ಗೊಬ್ಬರದ ಪ್ಲಾಸ್ಟಿಕ್ ಚೀಲ, ತಾಡಪತ್ರಿಗಳು ಬಂದಿವೆ, ಎಣ್ಣೆಯ ಬದಲು ಕಾಯಿಸಿದ ಡಾಂಬರು. ಪ್ಲಾಸ್ಟಿಕ್ಕನ್ನು ನೆನೆಹಾಕಬೇಕಾಗಿಲ್ಲ. ಆದರೆ ಬಿಸಿಲಿಗೆ ಡಾಂಬರು ಬಿರುಕು ಬಿಡುತ್ತದಾದ್ದರಿಂದ, ಹೊಳೆ ತುಂಬುವ ಮುನ್ನ ಮತ್ತೊಮ್ಮೆ ಬಳಿಯಲೇಬೇಕು.